ಕಟರ್ ಜಾರದ ಹಾಗೆ



ನಿನ್ನ ಕಾಗದ ಓದಿದೆ. ಮಿಲ್ಲಿಂಗ್ ಮೆಷಿನ್ನಿನಲ್ಲಿ ಕೊರೆಯುವ ಪಾಕೆಟ್‌ನ ಆಳ ಮೊದಲ ಜಾಬಿನಲ್ಲಿ ಸರಿಯಿದ್ದು ಬರಬರುತ್ತ ಹೆಚ್ಚಾಗುತ್ತಿದೆ, ಪ್ರೋಗ್ರಾಂನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುತ್ತಿಲ್ಲ ಅಂತ ಬರೆದಿದ್ದೀಯ. ಪ್ರೋಗ್ರಾಂ ಬಿಡು ಮಗು, ಕಟರ್ ಹಿಡಿಯುವ ಹೋಲ್ಡರ್ ನೋಡು. ಬಲಸುರುಳಿಯ ಎಂಡ್ ಮಿಲ್ ಲೋಹ ಕಡಿಯುವಾಗ ಜಾಬಿನ ಕಡೆಗೇ ಎಳೆಯಲ್ಪಡುತ್ತದೆ. ಹೋಲ್ಡರಿನೊಳಗೆ ಕಟರನ್ನು ಸುತ್ತಿ ಹಿಡಿಯುವ ಕಾಲೆಟ್‌ನ ಹಿಡಿತ ಚೂರು ಸಡಿಲವಿದ್ದರೂ ಸಾಕು, ಕಟರ್ ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆಳಗಿಳಿಯುತ್ತ ಹೋಗುತ್ತದೆ. ಖಾತ್ರಿ ಬೇಕಿದ್ದರೆ ಕಾಲೆಟ್ ಬಿಗಿಯುವ ನಟ್‌ನ ಅಂಚಿಗೆ ಸರಿಯಾಗಿ ಕಟರಿನ ಶ್ಯಾಂಕ್ ಮೇಲೆ ಮಾರ್ಕರ್ ಗೆರೆ ಎಳೆದು ಕೆಲಸ ಮಾಡು. ಗೆರೆ ನಟ್ ಬಿಟ್ಟು ಕೆಳಗೆ ಸರಿದಿದ್ದರೆ ಕಟರ್ ಜಾರಿದೆ.

ಇಂಥ ಹೊತ್ತಿನಲ್ಲಿ ಹುಡುಗರು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿಯುತ್ತಾರೆ. ನೀನು ಖಂಡಿತ ಹಾಗೆ ಮಾಡಬೇಡ. ಹೋಲ್ಡರಿನ ಥ್ರೆಡ್ ಹಾಳಾಗುತ್ತದೆ, ಕಾಲೆಟ್ ತಿರುಚಿಕೊಳ್ಳುತ್ತದೆ. ಹಿಡಿತದ ಅರ್ಧ ಗುಟ್ಟು ಶುಚಿಯಲ್ಲಿದೆ. ಕಾಲೆಟ್‌ನ ಸೀಳುಗಳಲ್ಲಿ ಕೂತ ಲೋಹದ ಚೂರು, ಶ್ಯಾಂಕಿಗೆ ಅಂಟಿದ ಎಣ್ಣೆ ಎರಡನ್ನೂ ನೂಲು ಬಿಡದ ಬಟ್ಟೆಯಲ್ಲಿ ಒರೆಸು. ಇಆರ್ ಕಾಲೆಟ್ ಆದರೆ ಮೊದಲು ಅದನ್ನು ಓರೆಯಾಗಿ ಹಿಡಿದು ನಟ್‌ನೊಳಗೆ ಟಕ್ ಎಂದು ಕೂರಿಸಬೇಕು, ಕಟರ್ ಹಾಕುವುದು ಆಮೇಲೆ. ಕಾಲೆಟನ್ನು ನೇರವಾಗಿ ಹೋಲ್ಡರಿಗಿಟ್ಟು ನಟ್ ತಿರುಗಿಸಿದರೆ ಅದು ನೆಟ್ಟಗೆ ಕೂರದೆ ಕಟರ್ ಓಲಾಡುತ್ತದೆ. ಕಾಲೆಟ್ ಉದ್ದದ ಮೂರರಲ್ಲಿ ಎರಡು ಪಾಲಾದರೂ ಶ್ಯಾಂಕ್ ಒಳಗಿರಲಿ. 10–9 ಎಂದು ಬರೆದ ಕಾಲೆಟ್ 9 ಮಿ.ಮೀ. ತನಕ ಮುಚ್ಚಿಕೊಂಡೀತು, ಆದರೆ ಅದು ಗಟ್ಟಿಯಾಗಿ ಹಿಡಿಯುವುದು 10ರ ಶ್ಯಾಂಕನ್ನೇ. ಕಾಲೆಟ್ ಸವೆಯುವ ವಸ್ತು. ಹೊಸದು ಕೇಳಲು ಸಂಕೋಚಪಡಬೇಡ.

ಇಷ್ಟಾದರೂ ಸರಿಹೋಗದಿದ್ದರೆ ಸ್ಪಿಂಡಲ್ ಕಡೆ ತಿರುಗು. ನಿಮ್ಮ ಬಿಟಿ40 ಹೋಲ್ಡರಿನ ಟೇಪರ್ 7/24. ಮೋರ್ಸ್ ಟೇಪರ್‌ನ ಹಾಗೆ ಅದು ತಾನಾಗಿ ಕಚ್ಚಿಕೊಳ್ಳುವುದಿಲ್ಲ. ಟೂಲ್ ಬದಲಿಸುವಾಗ ಸಲೀಸಾಗಿ ಬಿಡಲೆಂದೇ ಇಳಿಜಾರು ಅಷ್ಟಿದೆ. ಹೋಲ್ಡರನ್ನು ಸ್ಪಿಂಡಲಿನೊಳಕ್ಕೆ ಎಳೆದು ಹಿಡಿದಿರುವುದು ಡ್ರಾಬಾರ್, ಅದರ ಡಿಸ್ಕ್ ಸ್ಪ್ರಿಂಗ್‌ಗಳು, ಪುಲ್ ಸ್ಟಡ್. ಸ್ಪ್ರಿಂಗ್ ಸೋತರೆ ಹೋಲ್ಡರ್ ಒಳಗೇ ಅಲುಗಿ, ಟೇಪರ್ ಮೇಲೆ ತುಕ್ಕಿನ ಬಣ್ಣದ ಕಲೆ ಮೂಡುತ್ತದೆ. ಕಂಡರೆ ಒರೆಸಿ ಸುಮ್ಮನಾಗಬೇಡ. ಎಳೆತದ ಬಲ ಎಷ್ಟಿದೆ ಅಂತ ಗೇಜ್ ಹಾಕಿ ಅಳೆಯಲು ಮೇಂಟೆನೆನ್ಸ್‌ನವರಿಗೆ ಹೇಳು. ಪುಲ್ ಸ್ಟಡ್‌ನಲ್ಲಿ ಬಿರುಕಿದೆಯೇ ಅಂತ ನೀನೇ ನೋಡಬಹುದು.

ಟಾರ್ಗೆಟ್ ಅಂತ ಯಾರು ಅವಸರಪಡಿಸಿದರೂ ಕಾಲೆಟ್ ಒರೆಸುವ ಆ ಒಂದು ನಿಮಿಷ ಬಿಟ್ಟುಕೊಡಬೇಡ. ತುಂಡಾದ ಕಾರ್ಬೈಡ್ ಕಟರಿನ ಚೂರು ರಭಸದಿಂದ ಹಾರುತ್ತದೆ, ನಿನ್ನ ಕಣ್ಣು ನಮಗೆಲ್ಲ ಬೇಕು. ಬಾಗಿಲು ಮುಚ್ಚದೆ ಸ್ಪಿಂಡಲ್ ಓಡಿಸಬೇಡ.

ನಿನ್ನ ದೊಡ್ಡಪ್ಪ