ತಡವಾದದ್ದು ರೈಲೋ, ಬೆಂಗಳೂರೋ?

ಇಂಗ್ಲಿಷಿನ ಕ್ರಿಯಾಪದಕ್ಕೆ 'ಇಂಗ್' ಎಂಬ ಪ್ರತ್ಯಯ ಸೇರಿ, ಆ ರೂಪವು ನಾಮಪದದ ಸ್ಥಾನದಲ್ಲಿ ನಿಂತಾಗ ಅದನ್ನು ಜೆರಂಡ್ ಎನ್ನುತ್ತಾರೆ. ಕನ್ನಡ ವ್ಯಾಕರಣದ ಕೃದಂತ ಭಾವನಾಮಕ್ಕೆ, ಅಂದರೆ ಧಾತುವಿನಿಂದ ಹುಟ್ಟಿ ಕ್ರಿಯೆಯ ಭಾವವನ್ನು ಹೆಸರಿಸುವ 'ಬರುವುದು', 'ಬರುವಿಕೆ' ಮುಂತಾದ ರೂಪಗಳಿಗೆ, ಇದು ಹತ್ತಿರದ್ದು. ಈ ಜೆರಂಡಿನ ಮೊದಲು ಬರುವ ಕರ್ತೃಪದ ಷಷ್ಠೀ ವಿಭಕ್ತಿಯಲ್ಲಿದ್ದು 'ಹಿಸ್ ಕಮಿಂಗ್' ಎಂದೇ ಆಗಬೇಕೋ, 'ಹಿಮ್ ಕಮಿಂಗ್' ಎಂದರೂ ನಡೆಯುತ್ತದೆಯೋ ಎಂಬುದು ನೂರು ವರ್ಷಕ್ಕೂ ಹಳೆಯ ಜಗಳ. 1906ರ 'ದ ಕಿಂಗ್ಸ್ ಇಂಗ್ಲಿಷ್' ಗ್ರಂಥದಲ್ಲಿ ಫೌಲರ್ ಸಹೋದರರು ಎರಡನೆಯ ಪ್ರಯೋಗಕ್ಕೆ 'ಫ್ಯೂಸ್ಡ್ ಪಾರ್ಟಿಸಿಪಲ್', ಎಂದರೆ ನಾಮಪದದೊಡನೆ ಬೆಸೆದುಹೋದ ಕೃದಂತ, ಎಂಬ ಹೆಸರಿಟ್ಟು ಖಂಡಿಸಿದರು; ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ಒಳ್ಳೆಯ ಲೇಖಕರ ಬರಹಗಳಿಂದಲೇ ಉದಾಹರಣೆಗಳನ್ನು ಹೆಕ್ಕಿ ಅದನ್ನು ಸಮರ್ಥಿಸಿದರು. ಭಾರತದ ಶಾಲೆಗಳಿಗೆ ತಲುಪಿದ್ದು ರೆನ್ ಮತ್ತು ಮಾರ್ಟಿನ್ ವ್ಯಾಕರಣ. ಅದು ಷಷ್ಠಿಯ ಪಕ್ಷ.

ಈ ಜಗಳಕ್ಕೂ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೂ ಇರುವ ನಂಟು ಮೇಲ್ನೋಟಕ್ಕೆ ಕಾಣುವುದಿಲ್ಲ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಿಂದ ಕೆಜಿಎಫ್‌ನ ಕಚೇರಿಗಳ ಕಡತ ಇಂಗ್ಲಿಷಿನಲ್ಲಿ ನಡೆದರೆ, ಗಣಿ ಕಾರ್ಮಿಕರ ಲೈನ್ ಮನೆಗಳ ಮಾತು ತಮಿಳು, ತೆಲುಗು, ಕನ್ನಡಗಳಲ್ಲಿ ನಡೆಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಮನೆಗಳ ಮಕ್ಕಳು ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆಯ ಮೂಲಕ ಬೆಂಗಳೂರಿನ ಕೆಲಸಗಳಿಗೆ ಹೋಗತೊಡಗಿದರು. ಅವರಲ್ಲಿ ಪ್ರಸ್ತುತ ಲೇಖಕನೂ ಒಬ್ಬ. ಬಂಗಾರಪೇಟೆಯಲ್ಲಿ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ನಿಂತ ರೈಲು ಯಾವಾಗ ಹೊರಡುತ್ತದೆಂಬುದನ್ನು ಬಲ್ಲವರಿಲ್ಲ. ಕಚೇರಿಯ ಹಾಜರಿ ಪುಸ್ತಕಕ್ಕೆ ಆ ವಿಷಯ ತಿಳಿಯದು.

ಮೂರನೆಯ ಬಾರಿ ತಡವಾದಾಗ ಮೇಲಧಿಕಾರಿ ಲಿಖಿತ ವಿವರಣೆ ಕೇಳಿದರು. ಲೇಖಕನ ಪತ್ರದಲ್ಲಿ 'ಮೀ ಕಮಿಂಗ್ ಲೇಟ್' ಎಂದಿದ್ದ ಕಡೆ ಅವರು ಕೆಂಪು ಶಾಯಿಯ ಸುತ್ತು ಹಾಕಿ, ಅಂಚಿನಲ್ಲಿ 'ಮೈ' ಎಂದು ಬರೆದು, ತಡವಾದ ಕಾರಣದ ಬಗ್ಗೆ ಒಂದು ಮಾತನ್ನೂ ಆಡದೆ ಹಿಂದಿರುಗಿಸಿದರು. ಏಕೆ 'ಮೈ' ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ, ಅದೇ ಸರಿ ಎಂಬುದಷ್ಟೆ. ಅಂದು ಸಂಜೆ ರಾಬರ್ಟ್‌ಸನ್‌ಪೇಟೆಯ ಮನೆಯಲ್ಲಿ, ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿದ್ದ ಸೋದರಮಾವ ರೆನ್ ಮತ್ತು ಮಾರ್ಟಿನ್ ತೆಗೆದು ನಿಯಮವನ್ನು ಓದಿಸಿ, ಜೆರಂಡ್ ಕಂಡಲ್ಲೆಲ್ಲ ಅದರ ಹಿಂದಿನ ನಾಮಪದಕ್ಕೆ ಷಷ್ಠಿಯ ಗುರುತಾದ ಅಪಾಸ್ಟ್ರಫಿ ಇಡುವಂತೆ ಅಪ್ಪಣೆ ಕೊಟ್ಟರು.

ನಾಲ್ಕನೆಯ ಬಾರಿ ತಡವಾದಾಗಿನ ಪತ್ರವನ್ನು ಲೇಖಕ ಮಾವನಿಗೂ ತೋರಿಸದೆ, ಕೆಂಪು ಶಾಯಿಗೆ ಉತ್ತರ ಕೊಡುವ ಹಟದಿಂದ, ರೈಲಿನಲ್ಲೇ ಬರೆದ. 'ಮಾರಿಕುಪ್ಪಂನಿಂದ ಬೆಂಗಳೂರಿಗೆ ಬರುವ ರೈಲು ತಡವಾದದ್ದರಿಂದ' ಎಂಬ ಅರ್ಥಕ್ಕೆ ಅವನು ಬರೆದದ್ದು, 'ದ ಟ್ರೈನ್ ಫ್ರಮ್ ಮಾರಿಕುಪ್ಪಂ ಟು ಬ್ಯಾಂಗಲೋರ್ಸ್ ಬೀಯಿಂಗ್ ಲೇಟ್'. ಅಧಿಕಾರಿ ಅವನನ್ನು ಕೋಣೆಗೆ ಕರೆದು ಅದನ್ನು ಓದಲಿಲ್ಲ, ಸಹೋದ್ಯೋಗಿಗಳೆಲ್ಲ ಕುಳಿತಿದ್ದ ಸಭಾಂಗಣದ ನಡುವೆ ನಿಂತು, 'ಬ್ಯಾಂಗಲೋರ್ಸ್' ಎಂಬಲ್ಲಿ ತಡೆದು, ಕನ್ನಡಕವನ್ನು ಹಣೆಗೇರಿಸಿ, "ಹಾಗಾದರೆ ಇವತ್ತು ತಡವಾಗಿ ಬಂದದ್ದು ಬೆಂಗಳೂರೋ?" ಎಂದು ಕೇಳಿದರು. ಮೊದಲು ಒಬ್ಬರು, ಆಮೇಲೆ ಇಡೀ ಸಭಾಂಗಣ ನಕ್ಕಿತು. ಮುಂಜಾನೆ ಕತ್ತಲಲ್ಲಿ ಎದ್ದು, ಬಂಗಾರಪೇಟೆಯಿಂದ ನಿಂತೇ ಬಂದವನು ಆ ನಗು ಮುಗಿಯುವವರೆಗೂ ನಿಂತೇ ಇದ್ದ. ಅಧಿಕಾರಿ ವಾಕ್ಯವನ್ನು ಇನ್ನೊಮ್ಮೆ ಓದಿದರು, ಮೊದಲ ಸಲ ಕೇಳಿಸದವರಿಗಾಗಿ. 'ಲೇಟ್ ಬೆಂಗಳೂರು' ಎಂಬ ಅಡ್ಡಹೆಸರು ಅವನು ಕೆಲಸ ಬಿಡುವವರೆಗೂ ಉಳಿಯಿತು.

ಆ ನಗು ವ್ಯಾಕರಣದ ದೃಷ್ಟಿಯಿಂದ ಎಷ್ಟು ನ್ಯಾಯವಾಗಿತ್ತೆಂಬುದನ್ನು ಪರಿಶೀಲಿಸಬೇಕು. ಇಂಗ್ಲಿಷಿನ ಷಷ್ಠೀ ಪ್ರತ್ಯಯ ಮುಖ್ಯ ಪದಕ್ಕಲ್ಲ, ಪದಪುಂಜದ ಕೊನೆಗೆ ಅಂಟುತ್ತದೆ. 'ದ ಕಿಂಗ್ ಆಫ್ ಇಂಗ್ಲೆಂಡ್ಸ್ ಡಾಟರ್' ಎಂದರೆ ಮಗಳು ದೇಶದವಳಲ್ಲ, ರಾಜನವಳು. ಆ ಲೆಕ್ಕದಲ್ಲಿ ಲೇಖಕನ ಅಪಾಸ್ಟ್ರಫಿ ಇದ್ದದ್ದು ಸರಿಯಾದ ಜಾಗದಲ್ಲೇ. ತಪ್ಪು ನಿಯಮದ ಪಾಲನೆಯಲ್ಲಿರಲಿಲ್ಲ, ಉದ್ದನೆಯ ಪದಪುಂಜ ಮತ್ತು ನಿರ್ಜೀವ ವಸ್ತುಗಳ ಮೇಲೆ ಆ ನಿಯಮವನ್ನು ಹೇರಿದ ಹಟದಲ್ಲಿತ್ತು.

ಮೊದಲ ಪತ್ರದ 'ಮೀ' ಕೂಡ ಅಜ್ಞಾನದ ಗುರುತಲ್ಲ. ಕನ್ನಡದಲ್ಲಿ 'ಅವನು ಬರುವುದು' ಎಂಬಲ್ಲಿ ಕರ್ತೃ ಪ್ರಥಮಾ ವಿಭಕ್ತಿಯಲ್ಲೇ ಉಳಿಯುತ್ತದೆ, 'ಅವನ ಬರುವಿಕೆ' ಎಂಬಲ್ಲಿ ಮಾತ್ರ ಷಷ್ಠಿಗೆ ಹೋಗುತ್ತದೆ. ತಮಿಳಿನ 'ಅವನ್ ವರುವದು', ತೆಲುಗಿನ 'ವಾಡು ರಾವಡಂ' ಎಂಬ ರೂಪಗಳಲ್ಲೂ ಕರ್ತೃ ಷಷ್ಠಿಯನ್ನು ಬೇಡುವುದಿಲ್ಲ. ದಿನಬಳಕೆಯಲ್ಲಿ 'ಬರುವುದು' ಹತ್ತು ಸಲ ಬಂದರೆ 'ಬರುವಿಕೆ' ಒಮ್ಮೆ ಬಂದೀತು, ಅದೂ ಗ್ರಾಂಥಿಕ ಬರಹದಲ್ಲಿ. ಹೀಗೆ ಮೂರು ಮನೆಮಾತುಗಳ ನಡುವೆ ಬೆಳೆದ ಹುಡುಗನ ನಾಲಿಗೆಗೆ ಷಷ್ಠಿ ಹೊರಗಿನಿಂದ ಬರಬೇಕಾದದ್ದೇ ಹೊರತು ಒಳಗಿನಿಂದ ಹುಟ್ಟುವಂಥದ್ದಲ್ಲ. ಈ ಒಂದು ಮಾತನ್ನು ಹೇಳಲು ಕೆಂಪು ಶಾಯಿಯ ಅಧಿಕಾರಿಗೂ ಆಗಲಿಲ್ಲ, ಪುಸ್ತಕ ತೆರೆದ ಮಾವನಿಗೂ ಆಗಲಿಲ್ಲ.

ಅರ್ಜಿ ಬರೆಯುವವರಿಗೆ ಉಳಿಯುವ ಬುದ್ಧಿವಾದ ಅಲ್ಪ. ಔಪಚಾರಿಕ ಪತ್ರದಲ್ಲಿ ಸರ್ವನಾಮವಿದ್ದರೆ 'ಮೈ', 'ಹಿಸ್', 'ದೇರ್' ಎಂದೇ ಬರೆಯುವುದು ಕ್ಷೇಮ. ಆಡುಮಾತಿನಲ್ಲಿ 'ಮೀ', 'ಹಿಮ್' ಎಂದರೆ ಆಕಾಶ ಬೀಳದು. ನಿರ್ಜೀವ ವಸ್ತು ಅಥವಾ ಉದ್ದನೆಯ ಪದಪುಂಜವಿದ್ದರೆ ಅಪಾಸ್ಟ್ರಫಿಯ ಗೊಡವೆ ಬೇಡ. ನೋಡು, ಕೇಳು ಎಂಬರ್ಥದ ಕ್ರಿಯಾಪದಗಳ ನಂತರ, 'ದೇ ಸಾ ಹಿಮ್ ಕಮಿಂಗ್' ಎಂಬಂಥ ಕಡೆ, 'ಇಂಗ್' ರೂಪ ಜೆರಂಡೇ ಅಲ್ಲವಾದ್ದರಿಂದ ಅಲ್ಲಿ ಷಷ್ಠಿ ಶುದ್ಧ ತಪ್ಪು. ಸಂಶಯವಾದರೆ 'ಬಿಕಾಸ್ ದ ಟ್ರೈನ್ ವಾಸ್ ಲೇಟ್' ಎಂದರೆ ಸಾಕು.

ಐದನೆಯ ಬಾರಿಯ ಪತ್ರದಲ್ಲಿ ಲೇಖಕ ಅಷ್ಟನ್ನೇ ಬರೆದ. ಅದಕ್ಕೆ ಕೆಂಪು ಸುತ್ತು ಬೀಳಲಿಲ್ಲ. ಅರ್ಧ ದಿನದ ಸಂಬಳ ಮಾತ್ರ ಕಡಿತವಾಯಿತು.