ಸರಕಾರದ ಸಾಲವನ್ನು ತೀರಿಸುವವರು ಯಾರು?



ಹತ್ತನೆಯ ತರಗತಿಯ ಪೌರನೀತಿಯ ಪಾಠದಲ್ಲಿ ಹುಡುಗಿಯೊಬ್ಬಳು, "ಟೀಚರ್, ಸರಕಾರವು ಮಾಡಿದ ಸಾಲವನ್ನು ತೀರಿಸುವವರು ಯಾರು?" ಎಂದು ಕೇಳಿದಳು. "ನೀನೇ" ಎಂದೆನು. ತರಗತಿಯೆಲ್ಲವೂ ನಕ್ಕಿತು. ಅದು ವಿನೋದದ ಉತ್ತರವಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಈ ಪಾಠಕ್ಕೆ ನಮ್ಮ ಎರಡು ತಾಲ್ಲೂಕುಗಳೇ ತಕ್ಕ ಉದಾಹರಣೆಗಳು. ಸೊರಬದ ಶ್ರೀ ಎಸ್. ಬಂಗಾರಪ್ಪನವರು 1990ರಿಂದ 1992ರ ವರೆಗೆ ಮುಖ್ಯಮಂತ್ರಿಗಳಾಗಿದ್ದಾಗ ರೈತರ ಪಂಪುಸೆಟ್ಟುಗಳಿಗೆ ಉಚಿತ ವಿದ್ಯುತ್ತು ದೊರೆಯಿತು. ಶಿಕಾರಿಪುರದ ಶ್ರೀ ಬಿ. ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿಗಳಾಗಿ ಹಣಕಾಸನ್ನು ನೋಡಿಕೊಳ್ಳುತ್ತಿದ್ದ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳೂ ಬಡ ಕುಟುಂಬದ ಹೆಣ್ಣು ಶಿಶುಗಳಿಗೆ ಭಾಗ್ಯಲಕ್ಷ್ಮಿ ಠೇವಣಿಯೂ ಬಂದವು. 2023ರಲ್ಲಿ ಬೇರೊಂದು ಸರಕಾರವು ಐದು ಗ್ಯಾರಂಟಿಗಳನ್ನು ಜಾರಿಗೆ ತರತೊಡಗಿತು. ಸ್ತ್ರೀಯರಿಗೆ ಉಚಿತ ಬಸ್ ಪ್ರಯಾಣವೂ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಗಳೂ ಅವುಗಳಲ್ಲಿ ಸೇರಿವೆ. ಇವುಗಳಿಂದ ಉಪಕಾರ ಹೊಂದಿದವರು ನಮ್ಮಲ್ಲಿಯೇ ಅನೇಕರುಂಟು. ಇವು ಬೇಡವೆಂದು ನಾನು ಹೇಳುವುದಿಲ್ಲ.

ಆದರೆ ಲೆಕ್ಕವನ್ನು ನೋಡತಕ್ಕದ್ದು. 2025-26ರ ರಾಜ್ಯದ ಆಯವ್ಯಯದ ಅಂದಾಜು 4,09,549 ಕೋಟಿ ರೂಪಾಯಿ. ಅದರಲ್ಲಿ ಸಾಲದಿಂದ ಬರತಕ್ಕದ್ದು 1,16,000 ಕೋಟಿ. ಎಂದರೆ ನೂರು ರೂಪಾಯಿಗಳಲ್ಲಿ ಸುಮಾರು ಇಪ್ಪತ್ತೆಂಟು ಸಾಲದ್ದು. ಗ್ಯಾರಂಟಿಗಳಿಗೆ ಇಟ್ಟ ಹಣ ಸುಮಾರು 51,000 ಕೋಟಿ. ಆದುದರಿಂದ ಸಾಲಕ್ಕೆಲ್ಲ ಇವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಸಂಬಳ, ಪಿಂಚಣಿ, ಬಡ್ಡಿ, ಹಳೆಯ ಸಾಲದ ಮರುಪಾವತಿ ಇವುಗಳೂ ಉಂಟು. 2002ರ ವಿತ್ತೀಯ ಹೊಣೆಗಾರಿಕೆ ಕಾನೂನಿನ ಮೇರೆಗೆ ರಾಜ್ಯದ ಸಾಲವು ರಾಜ್ಯದ ಒಟ್ಟು ಉತ್ಪನ್ನದ ನೂರಕ್ಕೆ ಇಪ್ಪತ್ತೈದು ಪಾಲನ್ನು ಮೀರಕೂಡದು. ಮೇಲ್ಕಂಡ ಆಯವ್ಯಯದಲ್ಲಿ ಅದು 24.91 ಎಂದಿತ್ತು. ತುಂಬಿದ ಕೆರೆಗೆ ಏರಿಯ ಅಂಚು ಎಷ್ಟು ಸಮೀಪವೋ ಅಷ್ಟೇ.

ಸಾಲವೇ ತಪ್ಪೆಂದಲ್ಲ. ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದನೆಂದು ನಮ್ಮ ತಾಳಗುಂದದ ಕಂಬದ ಶಾಸನವು ಹೇಳುತ್ತದೆ. ಅಂಥ ಕಾರ್ಯದ ಫಲವು ಮೊಮ್ಮಕ್ಕಳಿಗೂ ಸಲ್ಲುವುದರಿಂದ ಅದರ ಭಾರದಲ್ಲಿ ಅವರು ಪಾಲು ಹೊರುವುದು ಯುಕ್ತವೇ. ಸೈಕಲ್ಲಿನಿಂದ ಹುಡುಗಿಯೊಬ್ಬಳು ಓದು ಮುಗಿಸಿ ದುಡಿಯುವಂತಾದರೆ, ಆ ವೆಚ್ಚವೂ ಕೆರೆಯಂತೆಯೇ. ಉಂಡು ತೀರಿದ ಊಟಕ್ಕೆ ಮಕ್ಕಳ ಹೆಸರಿನಲ್ಲಿ ಪತ್ರ ಬರೆದುಕೊಡುವುದು ಮಾತ್ರ ಅನ್ಯಾಯ.

ದೋಷವು ಆಳುವವರಲ್ಲಿ ಮಾತ್ರವಿಲ್ಲ. ತೆರಿಗೆ ಕಡಿಮೆಯಾಗಲಿ, ಸವಲತ್ತು ಹೆಚ್ಚಲಿ ಎಂದು ಒಂದೇ ಬಾಯಲ್ಲಿ ಕೇಳುವವರು ನಾವು. ಖರ್ಚಿನ ಮಾತೆತ್ತಿದ ಅಭ್ಯರ್ಥಿಯನ್ನು ಸೋಲಿಸುವವರೂ ನಾವೇ. ಆದಕಾರಣ ಮತ ಕೇಳಲು ಬಂದವರನ್ನು, ಯಾವ ಪಕ್ಷದವರೇ ಆಗಲಿ, ಮೂರು ಪ್ರಶ್ನೆಗಳನ್ನು ಕೇಳಿರಿ: ಹಣವೆಲ್ಲಿಂದ ಬರುವುದು? ಇದಕ್ಕಾಗಿ ಯಾವುದು ನಿಲ್ಲುವುದು? ಹತ್ತು ವರ್ಷಗಳ ಮೇಲೆ ಏನು ಉಳಿಯುವುದು?

ಪ್ರಶ್ನೆ ಕೇಳಿದ ಆ ಹುಡುಗಿಗೆ ಇನ್ನೂ ಮತದ ಹಕ್ಕಿಲ್ಲ. ಅವಳು ಹೊರಬೇಕಾದ ಸಾಲಕ್ಕೆ ಈಗ ಒಪ್ಪಿಗೆ ಕೊಡುತ್ತಿರುವವರು ನಾವು.