ಅಳಿಸಿದರೆ ಸಾಲದು, ಬರುವ ದಾರಿ ಮುಚ್ಚಿ

ಐ.ಡಿ.ಹಳ್ಳಿ ಹೋಬಳಿಯ ರೈತನಿಗೆ ಶೇಂಗಾ ಬೆಳೆ ವಿಮೆ, ಪಿಎಂ ಕಿಸಾನ್ ಕಂತು, ಬ್ಯಾಂಕಿನ ಓಟಿಪಿ ಎಲ್ಲವೂ ಬರುವುದು ಫೋನಿಗೇ. ಸಾಲ, ರಮ್ಮಿ, ಬಹುಮಾನದ ಜಾಹೀರಾತುಗಳು ಸುರಿಯುವುದೂ ಅಲ್ಲಿಗೇ. ಬಹಳ ಮಂದಿ ಬಂದದ್ದನ್ನು ಅಳಿಸಿ ಸುಮ್ಮನಾಗುತ್ತಾರೆ. ಮರುದಿನ ಅಷ್ಟೇ ಮತ್ತೆ ತುಂಬಿರುತ್ತದೆ. ಇಂಥ ಕಸದಲ್ಲಿ ಒಂದು ಪಾಲು ಒಳಬರುವುದು ನಾವೇ ಎಲ್ಲೋ ಕೊಟ್ಟ ಒಪ್ಪಿಗೆಯಿಂದ. ಅದನ್ನು ಹಿಂಪಡೆಯದೆ ಎಷ್ಟು ಅಳಿಸಿದರೂ ವ್ಯರ್ಥ.

ಮೊದಲು ಎಸ್ಎಂಎಸ್ ಮತ್ತು ಕರೆಗಳು. ಪ್ರಚಾರ ತಡೆಯಲು ಇಂಗ್ಲಿಷ್ ಅಕ್ಷರಗಳಲ್ಲಿ 'ಸ್ಟಾರ್ಟ್' ಎಂದು ಬರೆದು, ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಕಳಿಸಿ. ಬರೆಯುವುದು ತೊಡಕಾದರೆ ಅದೇ ಸಂಖ್ಯೆಗೆ ಕರೆ ಮಾಡಿ. 'ಎಲ್ಲ ನಿಲ್ಲಿಸಿದರೆ ಓಟಿಪಿಯೂ ನಿಲ್ಲುತ್ತದಲ್ಲ?' ಎಂಬ ಹೆದರಿಕೆ ಬೇಡ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದಡಿ ತಡೆ ಬೀಳುವುದು ಪ್ರಚಾರಕ್ಕೆ ಮಾತ್ರ. ಬ್ಯಾಂಕಿನ ವಹಿವಾಟು, ಸರ್ಕಾರದ ಸಂದೇಶ ಬರುತ್ತಲೇ ಇರುತ್ತವೆ. ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡಿ: 'ಪಿ' ಇದ್ದರೆ ಪ್ರಚಾರ, 'ಎಸ್' ಸೇವೆ, 'ಟಿ' ವಹಿವಾಟು, 'ಜಿ' ಸರ್ಕಾರ. 'ನೋಂದಾಯಿಸಿದರೂ ಕರೆ ನಿಂತಿಲ್ಲ' ಎನ್ನುವವರ ದೂರೂ ನ್ಯಾಯವೇ. ಮಾಮೂಲಿ ಹತ್ತಂಕಿಯ ಸಂಖ್ಯೆಯಿಂದ ಮಾರಾಟಕ್ಕಿಳಿದವರು ಈ ಜರಡಿಗೆ ಸಿಗುವುದಿಲ್ಲ. ಅವರ ಮೇಲೆ ಏಳು ದಿನದೊಳಗೆ 1909ಕ್ಕೇ ದೂರು ಕೊಡಬೇಕು. ಬರೀ ಬ್ಲಾಕ್ ಮಾಡಿದರೆ ನಿಮ್ಮೊಬ್ಬರಿಗೆ ನೆಮ್ಮದಿ, ದೂರು ಕೊಟ್ಟರೆ ಊರಿಗೇ ಉಪಕಾರ.

ಬಹಳ ಜನ ಎಡವುವುದು ಕ್ರೋಮ್ ಬ್ರೌಸರ್‌ನಲ್ಲಿ. ಫಲಿತಾಂಶವನ್ನೋ ಸಿನಿಮಾವನ್ನೋ ಹುಡುಕುತ್ತಾ ಯಾವುದೋ ತಾಣಕ್ಕೆ ಹೋದಾಗ, ನೋಟಿಫಿಕೇಷನ್ ಕಳಿಸಲೇ ಎಂದು ಅದು ಕೇಳುತ್ತದೆ. ಪೆಟ್ಟಿಗೆ ಅಡ್ಡ ಬಂತೆಂದು 'ಅಲೋ' ಒತ್ತಿಬಿಡುತ್ತೇವೆ. ಆಮೇಲೆ ಆ ತಾಣ ಮುಚ್ಚಿದ್ದರೂ 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಎಂಬಂಥ ಸುಳ್ಳು ಎಚ್ಚರಿಕೆಗಳು ಪರದೆಯ ಮೇಲಿಂದ ಇಳಿಯುತ್ತಲೇ ಇರುತ್ತವೆ. ಅವನ್ನು ನಿಜವೆಂದು ನಂಬಿ ಫೋನನ್ನು ಅಂಗಡಿಗೆ ಒಯ್ದು ದುಡ್ಡು ಕೊಟ್ಟು ಪೂರ್ತಿ ಅಳಿಸಿಸುವುದು, 'ಕ್ಲೀನರ್' ಆ್ಯಪ್ ಹಾಕಿಕೊಳ್ಳುವುದು ಎರಡೂ ತಪ್ಪು. ಅಂಥ ಆ್ಯಪ್‌ಗಳೇ ಎಷ್ಟೋ ಸಲ ಹೊಸ ಜಾಹೀರಾತು ತರುತ್ತವೆ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ. ಒಪ್ಪಿಗೆ ಪಡೆದ ತಾಣಗಳ ಪಟ್ಟಿ ಅಲ್ಲೇ ಇರುತ್ತದೆ. ಗುರುತಿಲ್ಲದ ಒಂದೊಂದನ್ನೂ 'ಬ್ಲಾಕ್' ಮಾಡಿ, ಕೊನೆಗೆ ಮೇಲಿನ ಗುಂಡಿಯನ್ನೂ ಆಫ್ ಮಾಡಿ. ಸುದ್ದಿ ತಪ್ಪೀತು ಎನ್ನುವವರು ಬೇಕಾದಾಗ ತಾಣವನ್ನು ತಾವೇ ತೆರೆದು ಓದಬಹುದು.

ವಾಟ್ಸ್ಆ್ಯಪ್‌ನಲ್ಲಿ ಪಿಎಂ ಕಿಸಾನ್ ಹೆಸರಿನ ಎಪಿಕೆ (ಆ್ಯಪ್ ಅಳವಡಿಸುವ) ಫೈಲ್ ಬಂದರೆ ಮುಟ್ಟಲೇಬೇಡಿ. ಒತ್ತಿ ಹಣ ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಜಿಮೇಲ್‌ನಲ್ಲಿ, ಗೊತ್ತಿರುವ ಅಂಗಡಿ, ಕಂಪನಿಗಳ ಪತ್ರಗಳಿಗೆ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ಗೊತ್ತಿಲ್ಲದವರದ್ದಾದರೆ ಒಳಗಿನ ಕೊಂಡಿ ಒತ್ತದೆ 'ರಿಪೋರ್ಟ್ ಸ್ಪ್ಯಾಮ್' ಮಾಡಿ. ಕೊಂಡಿ ಒತ್ತಿದರೆ ಈ ವಿಳಾಸ ಬಳಕೆಯಲ್ಲಿದೆ ಎಂದು ಅವರಿಗೆ ತಿಳಿಯುತ್ತದೆ. ಗೂಗಲ್ ಖಾತೆಯ ಉಚಿತ 15 ಜಿಬಿ ಜಾಗ ಫೋಟೊ, ಪತ್ರಗಳಿಂದ ತುಂಬಿದರೆ ಬೇಕಾದ ಪತ್ರವೂ ಬರುವುದಿಲ್ಲ, ಅದರ ಮೇಲೂ ಕಣ್ಣಿರಲಿ.